ಹಲಗೆ ಹಿಡಿದ ಕಾಲು

ಮಕ್ಕಳೇ, ನಿಮ್ಮ ತಾತ ಮುಳಬಾಗಿಲಿನಲ್ಲಿ ಮರಗೆಲಸ ಮಾಡುತ್ತಿದ್ದರು. ಆಗ ನಮ್ಮ ಕಡೆಯ ಆಚಾರಿಗಳು ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲೇ ಒತ್ತಿ ಹಿಡಿದು ತೋಪಡಾ ಹೊಡೆದು ನುಣುಪು ಮಾಡುತ್ತಿದ್ದರು. ಯುದ್ಧದ ಕಾಲದಲ್ಲಿ ಒಂದು ದಿನ ಹುಣಸೆಯ ದಿಮ್ಮಿ ಬಿದ್ದು ತಾತನ ಕಾಲ್ಬೆರಳುಗಳು ಜಜ್ಜಿಹೋದವು. ಗಾಯ ಮಾಯಿತು, ಹಿಡಿತ ಬರಲಿಲ್ಲ. ಮನೆಯಲ್ಲಿ ಬೇರೆ ಯಾರ ಕಾಲಿತ್ತು? ನನ್ನದೇ.

ಬೀದಿ ಜಗಲಿಯ ಮೇಲೆ ಅವರೆದುರು ಕೂತು, ಸೀರೆ ಮೇಲಕ್ಕೆ ಸಿಕ್ಕಿಸಿ, ಎರಡು ಅಂಗಾಲನ್ನೂ ಹಲಗೆಗೆ ಕೊಡುತ್ತಿದ್ದೆ. ತಲೆ ಎತ್ತುತ್ತಿರಲಿಲ್ಲ. ದಾರಿಹೋಕರು ಸುಮ್ಮನೆ ಹೋಗಬೇಕಲ್ಲ!

"ಏನ್ ಆಚಾರೀ, ನೀನು ತಳ್ತೀಯ, ನಿನ್ನ ಹೆಂಡ್ತಿ ಒದೀತಾಳೆ! ಯಾರಪ್ಪಾ ಗೆಲ್ಲೋದು?"

ಮಗಳ ಮದುವೆಗೆ ಹಸೆಮಣೆ ಮಾಡಲು ಹೇಳಿದ್ದವನು ಒಮ್ಮೆ ಅದೇ ಹೊತ್ತಿಗೆ ಬಂದುಬಿಟ್ಟ. ಹಲಗೆಯ ಮೇಲೆ ನನ್ನ ಪಾದ.

"ಥೂ! ಇನ್ನೊಬ್ಬಳು ತುಳಿದ ಮಣೆ ಮೇಲೆ ನನ್ನ ಮಗಳು ಕೂರ್ಬೇಕಾ?"

ಒಳಗಿಂದ ನಮ್ಮತ್ತೆ ಕೂಗಿದರು: "ನಿನ್ನ ಮಗಳೇನು ಅದರ ಮೇಲೆ ತಲೆಕೆಳಗಾಗಿ ನಿಲ್ತಾಳೇನಯ್ಯಾ?"

ಆತ ತಿರುಗಿಯೂ ನೋಡದೆ ಹೋದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾತ ಅಂದರು, "ಇನ್ನು ನಿನ್ನ ಇಲ್ಲಿ ಕೂರಿಸಲ್ಲ ಕಣೇ."

ಕೋಲಾರದಲ್ಲಿ ಎಲ್ಲೋ ಅವರು ಮೇಜಿಗೆ ಜೋಡಿಸಿದ, ಹಲಗೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿ ನೋಡಿದ್ದರು. ಯುದ್ಧದಿಂದಾಗಿ ಆಗ ಕಬ್ಬಿಣ ಸಿಗುತ್ತಿರಲಿಲ್ಲ. ಮರದಲ್ಲೇ ಮಾಡಲು ಹೊರಟರು. ಜಾಲಿ ಮರದ ಗುಂಡು ದಂಡಕ್ಕೆ ದಾರ ಸುತ್ತಿ, ಅದರ ಗುರುತು ಹಿಡಿದು ಉಳಿಯಲ್ಲಿ ತಿರುಪು ಕೆತ್ತಿದರು. ಒಂದು ಗಟ್ಟಿ ಮೇಜಿನ ಕಾಲಿಗೆ ಎದುರಾಗಿ ದಪ್ಪ ಪಟ್ಟಿ ನಿಲ್ಲಿಸಿ, ಎರಡನ್ನೂ ಹಾದುಹೋಗುವಂತೆ ತಿರುಪು ತೂರಿಸಿ, ಮೇಲಿನ ಸಂದಿಯಲ್ಲಿ ಹಲಗೆ ಇಟ್ಟರು. ಬಿಗಿ ಮಾಡಿದರೆ ಪಟ್ಟಿಯ ಕೆಳತುದಿ ಮೇಜಿನ ಕಾಲಿಗೆ ಹೋಗಿ ಬಡಿಯಿತು. ಮೇಲೆ ಬಾಯಿ ಸಡಿಲಾಗಿ ಹಲಗೆ ಜಾರಿತು. ಮತ್ತೆ ಮಾಡಿದರೂ ಅದೇ ಕತೆ.

"ಆಗ್ಲಿಲ್ಲ ಕಣೇ. ಬಾ, ನೀನೇ ಕೂತ್ಕೋ."

ಆ ಜಗಲಿಯ ಹೆದರಿಕೆಗೇ ನನಗೆ ಬಾಯಿ ಬಂತು. "ನಾನು ಬರೀ ಬೆರಳಲ್ಲಿ ಒತ್ತಲ್ಲ ರೀ. ಹಿಮ್ಮಡಿ ನೆಲಕ್ಕೆ ಊರಿರ್ತೀನಿ. ನಿಮ್ಮ ಪಟ್ಟಿಗೆ ಹಿಮ್ಮಡಿನೇ ಇಲ್ಲವಲ್ಲ."

ಅವರು ನನ್ನನ್ನು ಕೂರಿಸಿ, ಹಲಗೆ ಕೊಟ್ಟು, ನನ್ನ ಪಾದವನ್ನೇ ನೋಡುತ್ತಾ ಕೂತರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆಮೇಲೆ ಪಟ್ಟಿಯ ಕೆಳತುದಿಗೆ, ಮೇಜಿನ ಕಾಲನ್ನು ತೂರಿ ಹೋಗುವಂತೆ ಒಂದು ಅಡ್ಡಕಡ್ಡಿ ಜೋಡಿಸಿ, ಅದರಲ್ಲಿ ಸಾಲಾಗಿ ತೂತು ಕೊರೆದು ಗೂಟ ಹಾಕಿದರು. ಹಲಗೆ ಎಷ್ಟು ದಪ್ಪವೋ ಅಷ್ಟು ದೂರದ ತೂತಿಗೆ ಗೂಟ. ಈಗ ಗೂಟವೇ ಹಿಮ್ಮಡಿಯಾಗಿ ಕೆಳತುದಿ ಒಳಕ್ಕೆ ಹೋಗಲಿಲ್ಲ. ಹಲಗೆ ಕದಲಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಒಲೆ ಮುಂದೆ ಕೂತು ಅತ್ತೆ. ಇನ್ನು ಜಗಲಿ ತಪ್ಪಿತು, ಬದುಕಿಕೊಂಡೆ ಅಂದುಕೊಂಡೆ.

ಮಾರನೆಯ ದಿನ ಬೇರೆ ಆಚಾರಿಗಳು ನೋಡಲು ಬಂದರು. ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ ತಾತ ಎದೆಯುಬ್ಬಿಸಿ, "ನಮ್ಮನೆಯೋಳ ಕಾಲು ನೋಡಿ!" ಅಂದುಬಿಟ್ಟರು. ಹೊಗಳಿಕೆಯೇ ಅದು. ಆದರೆ ಅಲ್ಲಿಂದ ಆ ಹಿಡಿಗೆ ಊರಲ್ಲಿ ಹೆಸರು ಬಿತ್ತು.

"ನಂಗೂ ಒಂದು ಹೆಂಡ್ತಿ ಕಾಲು ಮಾಡ್ಕೊಡಪ್ಪಾ!"

ಜಗಲಿಯಲ್ಲಿ ನೋಡುತ್ತಿದ್ದವರು ಒಂದು ಬೀದಿಯವರು. ಈಗ ಶ್ರೀನಿವಾಸಪುರದಿಂದಲೂ ಬಂದು ನನ್ನ ಕಾಲು ಕೇಳತೊಡಗಿದರು. "ಆ ಮಾತು ಆಡ್ಬೇಡೀಂತ ಅವರಿಗೆ ಹೇಳ್ರೀ," ಎಂದು ತಾತನ ಹತ್ತಿರ ಗೋಳಾಡಿದೆ. ಅವರು ಹೇಳಿಯೂ ಹೇಳಿದರು. ಜನ ಇನ್ನಷ್ಟು ನಕ್ಕರು. ನಾನು ನೀರಿಗೆ ಹಿತ್ತಿಲ ಓಣಿಯಲ್ಲೇ ಹೋಗಿ ಬರುವುದನ್ನು ರೂಢಿ ಮಾಡಿಕೊಂಡೆ, ಸೀರೆಯ ಅಂಚು ನೆಲ ಗುಡಿಸುವಷ್ಟು ಇಳಿಸಿ.