ಎರಡು ಥರದ ‘ಗೊತ್ತಿಲ್ಲ’

ನಮ್ಮ ಭೌತಶಾಸ್ತ್ರದ ಸರ್ ಅವರ ಬಲಗೈಯ ಮೂರು ಬೆರಳುಗಳಲ್ಲಿ ಉಗುರು ಸೊಟ್ಟಗೆ ಬೆಳೆದಿತ್ತು. ಮಹಾರಾಷ್ಟ್ರದ ನಿಲಂಗಾದ ಕಾಲೇಜಿನಲ್ಲಿ ಪಾಠವೆಲ್ಲ ಮರಾಠಿಯಲ್ಲಿ. ನಾನು ಗಡಿಯ ದೇವಣಿ ಕಡೆಯ ಕನ್ನಡದವಳೆಂದು ತಿಳಿದ ಮೇಲೆ ನನ್ನೊಡನೆ ಮಾತ್ರ ಕನ್ನಡ ಆಡುತ್ತಿದ್ದರು.

ವಿಕಿರಣಶೀಲ ವಸ್ತುವಿನಲ್ಲಿ ಅರ್ಧದಷ್ಟು ಪರಮಾಣುಗಳು ಎಷ್ಟು ಕಾಲದಲ್ಲಿ ಒಡೆಯುತ್ತವೆಂದು ಹೇಳಬಹುದು, ಆದರೆ ಈ ಒಂದು ಪರಮಾಣು ಯಾವಾಗ ಒಡೆಯುತ್ತದೆಂದು ಯಾರೂ ಹೇಳಲಾರರು ಎಂದು ಒಂದು ದಿನ ಕಲಿಸಿದರು. ನನಗೆ ಸಮಾಧಾನವಾಗಲಿಲ್ಲ.

“ಇನ್ನೂ ಛಲೋ ಯಂತ್ರ ಬಂದ್ರ ಗೊತ್ತಾಗ್ತದಲ್ರೀ, ಸರ್?”

“ಇಲ್ಲ ತಂಗಿ. ಗೊತ್ತಿಲ್ಲ ಅನ್ನೋದರಾಗ ಎರಡು ಥರ ಅದಾವ. ಒಂದು, ಇವತ್ತ ತಿಳಿದಿಲ್ಲ, ನಾಳಿ ತಿಳೀಬಹುದು. ಇನ್ನೊಂದರಾಗ ತಿಳಕೊಳ್ಳಾಕ ಏನೂ ಇರೂದೇ ಇಲ್ಲ.”

“ಭೂಕಂಪ ಯಾವ ಥರದ್ದರೀ?”

ಅವರು ತಮ್ಮ ಸೊಟ್ಟ ಉಗುರುಗಳನ್ನು ನೋಡಿಕೊಂಡು ಹೇಳತೊಡಗಿದರು. ೧೯೯೩ರಲ್ಲಿ ಅವರು ಆಗಷ್ಟೇ ಎಂ.ಎಸ್ಸಿ. ಮುಗಿಸಿದ್ದರಂತೆ. ಲೋಹಾರಾ ಕಡೆ ಅಕ್ಕನ ಊರಲ್ಲಿ ನೆಲ ಆಗಾಗ ನಡುಗುತ್ತಿತ್ತು. ಜನ ಹೆದರಿ ಹೊರಗೆ ಮಲಗುತ್ತಿದ್ದರು. “ತಮ್ಮಾ, ನೀ ಓದಿದಾಂವ. ಒಳಗ ಮಲಗೂದೋ ಬ್ಯಾಡೋ?” ಎಂದು ಅಕ್ಕ ಕೇಳಿದ್ದಳು. “ಏನೂ ಆಗಂಗಿಲ್ಲ, ಮಲಗ್ರಿ” ಎಂದು ಇವರು ಹೇಳಿ ಬಂದಿದ್ದರು. ಎಂಟೇ ದಿನಕ್ಕೆ, ಊರೆಲ್ಲ ಗಣಪತಿ ಕಳಿಸಿ ಬಂದ ರಾತ್ರಿ, ಭೂಕಂಪವಾಗಿ ಕಲ್ಲಿನ ಗೋಡೆಗಳು ಬಿದ್ದವು. ಸುದ್ದಿ ತಿಳಿದು ಓಡಿಹೋಗಿ ಆ ಕಲ್ಲುಗಳನ್ನು ಬರಿಗೈಯಲ್ಲಿ ಎತ್ತಿ ಹಾಕುವಾಗ ಇವರ ಉಗುರು ಕಿತ್ತು ಬಂದವು. ಅಕ್ಕ ಉಳಿಯಲಿಲ್ಲ.

“ಭೂಕಂಪ ಮೊದಲನೇ ಥರದ್ದು. ಎರಡನೇ ಥರದ್ದಾಗಿದ್ರ ನಾ ನೆಮ್ಮದಿಲೆ ನಿದ್ದಿ ಮಾಡ್ತಿದ್ದೆ” ಎಂದರು.

ಮುಂದೆ ನಮ್ಮ ಊರಲ್ಲೂ ನೆಲದೊಳಗಿಂದ ಗುಡುಗಿನಂಥ ಸದ್ದು ಕೇಳತೊಡಗಿತು. ಅವರನ್ನು ಕರೆದುಕೊಂಡು ಹೋದೆ. ಒಳಗೆ ಮಲಗುವುದೋ ಬೇಡವೋ ಎಂದು ನನ್ನ ಅವ್ವ ಅದೇ ಪ್ರಶ್ನೆ ಕೇಳಿದಳು. “ಗೊತ್ತಿಲ್ರೀ, ಅವ್ವಾರ” ಎಂದರು ಸರ್. “ಇಷ್ಟ ಓದಿ ಏನ ಉಪಯೋಗ?” ಎಂದ ಓಣಿಯವನೊಬ್ಬ. ಅವರು ನಿಚ್ಚಣಿಕೆ ಕೇಳಿದರು. ಗಾಳಿಗೆ ಹಾರದಿರಲೆಂದು ನಮ್ಮ ಮಾಡಿನ ತಗಡಿನ ಮೇಲೆ ಹೇರಿದ್ದ ಕಲ್ಲುಗಳನ್ನು ಒಂದೊಂದಾಗಿ ಇಳಿಸಿದರು. “ನೆಲದ ವಿಷಯ ನನಗ ತಿಳಿಯಂಗಿಲ್ಲ. ಈ ಕಲ್ಲು ತಲಿ ಮ್ಯಾಲ ಬೀಳ್ತಾವ ಅನ್ನೂದು ತಿಳೀತದ.” ಸಂಜೆಯೊಳಗೆ ಓಣಿಯವರೆಲ್ಲ ಕಲ್ಲು ಇಳಿಸಿ ತಗಡಿಗೆ ಮೊಳೆ ಬಡಿಯತೊಡಗಿದ್ದರು.

ಹೋದ ವರ್ಷ ಉದಗೀರದ ದವಾಖಾನೆಯಲ್ಲಿ ಅವರನ್ನು ಕಡೆಯ ಸಲ ಕಂಡೆ. ಉಸಿರು ಸಾಲುತ್ತಿರಲಿಲ್ಲ.

“ಅಕ್ಕ ನನ್ನ ಮಾತ ಕೇಳೇ ಒಳಗ ಮಲಗಿದ್ಳೋ, ಗಣಪತಿ ಕಳಿಸಿ ದಣದು ಮಲಗಿದ್ಳೋ?” ಎಂದು ಕೇಳಿದರು.

“ದಣದೇ ಮಲಗಿದ್ರು ಸರ್” ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತ ಉಳಿದರು. ಮರುದಿನ ತೀರಿಕೊಂಡರು. ತಿಳಿಯದ್ದನ್ನು ತಿಳಿದಂತೆ ಹೇಳಬಾರದೆಂದು ನನಗೆ ಕಲಿಸಿದವರು ಅವರು. ನಾನು ಹೇಳಿದ್ದನ್ನು ನಂಬಿ ಹೋದರೋ, ನನಗೂ ಗೊತ್ತಿಲ್ಲವೆಂದು ತಿಳಿದೇ ನನ್ನನ್ನು ಕ್ಷಮಿಸಿ ಹೋದರೋ ಎಂಬುದು ಇಂದಿಗೂ ನನ್ನನ್ನು ಬಿಟ್ಟಿಲ್ಲ.