ಗಿಲಕಿಯನ್ನು ಚೀಲದಲ್ಲಿಟ್ಟ ಮೇಲೆ

ಆ ಸೋಮವಾರ ಸಂಜೆ ನಮ್ಮ ಯಜಮಾನರು ತಾವೇ ಮಾಡಿದ ಅರಗಿನ ಬಣ್ಣದ ಗಿಲಕಿಯನ್ನು ಏಳು ತಿಂಗಳ ಮೊಮ್ಮಗಳ ಅಕ್ಕಪಕ್ಕ ಆಡಿಸುತ್ತಿದ್ದರು. ಎತ್ತ ಆಡಿಸಿದರೂ ಅವಳು ಅತ್ತ ತಿರುಗುತ್ತಿದ್ದಳು. ಮಗುವಿಗೆ ಕಣ್ಣು ಸರಿಯಾಗಿ ಕಾಣದೇನೋ ಎಂಬ ನನ್ನ ಅನುಮಾನವನ್ನು ಅವರಿಗೆ ಹೇಳಿದೆ. “ಹದ್ದಿನ್ ಕಣ್ ಕಣೆ ನನ್ ಕೂಸಿಂದು. ಮೊದ್ಲು ನಿನ್ ಕಣ್ ತೋರ್ಸ್ಕೊ” ಎಂದು ನಕ್ಕರು. ಮರುದಿನ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ, ಲೇತ್ ಮುಂದೆ ಕುಳಿತಲ್ಲೇ ತೀರಿಕೊಂಡರು.

ಎರಡು ತಿಂಗಳ ನಂತರ, ಅಂಗನವಾಡಿ ಟೀಚರ್ ಹೇಳಿದರೆಂದು ಮಗಳು, ಮೊಮ್ಮಗಳ ಜೊತೆ ರಾಮನಗರದ ಆಸ್ಪತ್ರೆಗೆ ಹೋದೆ. ಎಳೆಯ ಮಕ್ಕಳ ನೋಟ ಹೇಗೆ ಬೆಳೆಯುತ್ತದೆ ಎಂದು ಅಲ್ಲಿ ಅಧ್ಯಯನ ಮಾಡುತ್ತಿದ್ದರು. ಮಗುವಿನ ಎದುರು ಒಂದು ಪರದೆ, ಅದರ ಕೆಳಗೆ ಕಣ್ಣು ಎತ್ತ ಹೊರಳುತ್ತದೆಂದು ಗುರುತಿಸುವ ಕ್ಯಾಮೆರಾ. ಮಗು ಪರದೆಯತ್ತ ನೋಡಲೆಂದು ನಾನು ಗಿಲಕಿ ಆಡಿಸಿದೆ. ಪರೀಕ್ಷೆ ಮಾಡುತ್ತಿದ್ದ ಮಾಗಡಿ ಕಡೆಯ ಹುಡುಗಿ ತಡೆದಳು.

“ಗಿಲಕಿ ಒಸಿ ಚೀಲ್ದಲ್ಲಿ ಮಡಗಿ ಅಜ್ಜಿ. ಸದ್ದಾದ್ರೆ ಮಗಾ ಕಿವೀಲೇ ನೋಡ್ಬುಡ್ತದೆ.”

ಸದ್ದಿಲ್ಲದೆ ದಪ್ಪ ಪಟ್ಟೆಗಳು ಮೂಡಿದಾಗ ಮಗು ಅತ್ತ ನೋಡಿತು. ಸಣ್ಣ ಪಟ್ಟೆಗಳು ಬಂದಾಗ ಅದರ ಕಣ್ಣು ಎಲ್ಲೆಲ್ಲೋ ಅಲೆಯಿತು. ಮನೆಯಲ್ಲಿ ಇಷ್ಟು ದಿನ ಅವಳು ತಿರುಗುತ್ತಿದ್ದುದು ಸದ್ದಿಗೆ. ಆ ಹುಡುಗಿಯೇ ನಮ್ಮನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದಳು.

ಈಗ ಮೊಮ್ಮಗಳಿಗೆ ಪುಟ್ಟ ಕನ್ನಡಕವಿದೆ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು, ನಾನು ಮಾತಾಡುವ ಮೊದಲೇ ನಗುತ್ತಾಳೆ. ಆಗೆಲ್ಲ ಮಾಗಡಿಯ ಆ ಹುಡುಗಿಯನ್ನು ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ತಾತನ ಮುಖವನ್ನು ಮಾತ್ರ ಮೊಮ್ಮಗಳು ಒಮ್ಮೆಯೂ ಸರಿಯಾಗಿ ನೋಡಲಿಲ್ಲ.