ಮರಳಿನ ಅಂಚಿನಲ್ಲಿ ಗ್ರೇಸ್

ಬರ್ಲಿನ್‌ನಿಂದ ಉತ್ತರಕ್ಕೆ ಹೋಗುವ ರೈಲಿನ ಕೊನೆಯ ಸ್ಟೇಷನ್‌ನಲ್ಲಿ ಇಳಿದು, ಶಾಲೆ ಮಕ್ಕಳಿಗಾಗಿ ಓಡುವ ಬಸ್ಸು ಹತ್ತಿದರೆ ಡ್ರೋಸೆನ್‌ಹಾಗೆನ್ ಸಿಗುತ್ತದೆ. ಒಂದೇ ಬೀದಿ, ಎರಡೂ ಬದಿಗೆ ಇಟ್ಟಿಗೆ ಮನೆಗಳು, ಚರ್ಚು, ಅದರ ಹಿಂದೆ ಸ್ಮಶಾನ, ಮುಂದೆ ಬಾತುಕೋಳಿಗಳ ಕೆರೆ. ಪಡುವಣಕ್ಕೆ ರಾಷ್ಟ್ರೀಯ ಉದ್ಯಾನ. ಅಲ್ಲಿ ಸರೋವರಗಳಿವೆ, ಹಳೆಯ ಕಾಡಿದೆ, ಬೇಸಿಗೆಯಲ್ಲಿ ಸೈಕಲ್ ಮೇಲೆ ಬರುವ ಪ್ರವಾಸಿಗರಿದ್ದಾರೆ. ಮೂಡಣಕ್ಕೆ ಬರೀ ಮರಳು. ಸೋವಿಯತ್ ಸೈನ್ಯ ದಶಕಗಳ ಕಾಲ ಅಲ್ಲಿ ಟ್ಯಾಂಕ್ ಓಡಿಸಿ ಗುಂಡು ಹಾರಿಸುವ ಅಭ್ಯಾಸ ನಡೆಸಿತ್ತು. ಕಾಡು ಸುಟ್ಟಿತು, ಮೇಲ್ಮಣ್ಣು ಗಾಳಿಗೆ ಹಾರಿಹೋಯಿತು. ಸೈನ್ಯ ಹೋಗಿ ಮೂವತ್ತು ವರ್ಷದ ಮೇಲಾದರೂ ಅಲ್ಲಿ ಬೆಳೆದದ್ದು ಒಂದಿಷ್ಟು ಬಿಳಿಹುಲ್ಲು, ಮೊಳಕಾಲೆತ್ತರದ ಪೊದೆ, ಅಂಚಿನಲ್ಲಿ ಪೈನ್ ಮರಗಳು. ನೆಲದೊಳಗೆ ಸಿಡಿಯದ ಗುಂಡುಗಳು ಇನ್ನೂ ಇರುವುದರಿಂದ ಯಾರೂ ಒಳಗೆ ಹೋಗುವುದಿಲ್ಲ. ಊರವರು ಅದಕ್ಕೆ ‘ವ್ಯೂಸ್ಟೆ’ ಎನ್ನುತ್ತಾರೆ, ಮರುಭೂಮಿ ಎಂದು. ಊರಿನಲ್ಲಿ ಐವತ್ತು ಜನ ಇದ್ದಾರೋ ಇಲ್ಲವೋ.

ಗ್ರೇಸ್ ಸೋನ್ಸ್ ಅಲ್ಲಿಗೆ ಬಂದದ್ದು ಗಂಡನ ಬೆನ್ನುನೋವಿನಿಂದಾಗಿ. ಮೂಲ್ಕಿ ಕಡೆಯ ಪ್ರೊಟೆಸ್ಟೆಂಟ್ ಮನೆಯ ಹುಡುಗಿ ಅವಳು. ರಾಮದಾಸ್ ಕಾಪುವಿನ ಮೊಗವೀರರ ಮನೆಯವನು. ಇಬ್ಬರೂ ರಿಜಿಸ್ಟರ್ ಮದುವೆಯಾದಾಗ ಎರಡೂ ಮನೆಗಳಲ್ಲಿ ಮಾತು ನಿಂತಿತ್ತು. ಗ್ರೇಸ್‌ಗೆ ಫ್ರಾಂಕ್‌ಫರ್ಟ್‌ನಲ್ಲಿ ನರ್ಸ್ ಕೆಲಸ ಸಿಕ್ಕಿತು. ರಾಮದಾಸ್ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವ ಕೆಲಸ ಹಿಡಿದ. ಮಕ್ಕಳಾಗಲಿಲ್ಲ. ಇಪ್ಪತ್ತು ವರ್ಷ ಪೆಟ್ಟಿಗೆ ಎತ್ತಿ ಅವನ ಸೊಂಟ ಬಿದ್ದುಹೋದಾಗ, ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ನರ್ಸ್ ಬೇಕು ಎಂಬ ಜಾಹೀರಾತನ್ನು ಗ್ರೇಸ್ ಕಂಡಳು. ಊರು ನೋಡಲು ಬಂದ ದಿನ ರಾಮದಾಸ್ ಬೀದಿಯ ತುದಿಯವರೆಗೆ ನಡೆದು, ತಂತಿಬೇಲಿಯ ಆಚೆ ನೋಡಿದ.

"ಗ್ರೇಸ್, ಇಲ್ಲಿ ಬಾ ಮಾರಾಯ್ತಿ. ಇದು ನಮ್ಮ ಕಾಪು ಬೀಚಿನ ಹಾಗೆಯೇ ಉಂಟು. ನೀರು ಮಾತ್ರ ಇಲ್ಲ."

ಅಲ್ಲಿಗೆ ಮನೆ ಇತ್ಯರ್ಥವಾಯಿತು.

ಅವಳು ಬೆಳಿಗ್ಗೆ ಚಿಕ್ಕ ಬಿಳಿ ಕಾರಿನಲ್ಲಿ ಹೊರಟರೆ ಊರಿಂದ ಊರಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು, ಮಾತ್ರೆ ಜೋಡಿಸಿಟ್ಟು ಬರುತ್ತಿದ್ದಳು. ರಾಮದಾಸ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ಸೇರಿದ. ದಳ ಅಂದರೆ ಒಂದು ಹಳೆಯ ಟ್ಯಾಂಕರ್, ಒಂದು ಪಂಪು, ಎಂಟೊಂಬತ್ತು ಜನ. ಟ್ರ್ಯಾಕ್ಟರ್ ರಿಪೇರಿಯ ಯೆನ್ಸ್ ಅದರ ಮುಖ್ಯಸ್ಥ. ಭಾರ ಎತ್ತಲಾಗದ ರಾಮದಾಸ್‌ಗೆ ಪಂಪು ನೋಡಿಕೊಳ್ಳುವ ಕೆಲಸ ಕೊಟ್ಟರು. ಅವನ ಜರ್ಮನ್ ಹರುಕುಮುರುಕು. ಆದರೆ ಶನಿವಾರದ ಅಭ್ಯಾಸ ಮುಗಿದ ಮೇಲೆ ಕೆರೆಯ ದಂಡೆಯಲ್ಲಿ ಬಿಯರ್ ಹಿಡಿದು ಕುಳಿತಾಗ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅವನೇ.

ಒಂದು ಏಪ್ರಿಲ್ ಶನಿವಾರ, ಅಂಥದೇ ಅಭ್ಯಾಸದ ನಡುವೆ, ರಾಮದಾಸ್ ಪಂಪು ನಿಲ್ಲಿಸಿ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತ. ಕೂತವನು ಪಕ್ಕಕ್ಕೆ ವಾಲಿದ. ಗ್ರೇಸ್ ಆಗ ಅದೇ ಬೀದಿಯಲ್ಲಿ ಕಾರು ನಿಲ್ಲಿಸುತ್ತಿದ್ದಳು. ಯೆನ್ಸ್ ಕೂಗಿದ್ದು ಕೇಳಿ ಓಡಿದಳು.

ಗಂಡನನ್ನು ಹುಲ್ಲಿನ ಮೇಲೆ ಮಲಗಿಸಿ, ಜಾಕೆಟ್ ಬಿಚ್ಚಿ, ಎದೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತತೊಡಗಿದಳು. ಎಷ್ಟೋ ಜನರಿಗೆ ಮಾಡಿದ ಕೆಲಸ. ಕೈಗಳು ತಮ್ಮ ಪಾಡಿಗೆ ಎಣಿಸುತ್ತ ಒತ್ತಿದವು. ಯೆನ್ಸ್‌ಗೆ ಯಾವಾಗ ಉಸಿರು ಊದಬೇಕೆಂದು ಹೇಳುತ್ತಿದ್ದಳು. ಅವಳ ಸ್ವರ ಏರಲಿಲ್ಲ. ಆಂಬುಲೆನ್ಸ್ ಜಿಲ್ಲಾ ಕೇಂದ್ರದಿಂದ ಬರಬೇಕಿತ್ತು. ಬಂದ ಡಾಕ್ಟರು ಬಹಳ ಹೊತ್ತು ಪ್ರಯತ್ನಿಸಿ, ಕೊನೆಗೆ ಅವಳ ಭುಜ ಮುಟ್ಟಿದರು. ಅದಾಗಲೇ ಅವಳಿಗೆ ಗೊತ್ತಾಗಿತ್ತು.

ಎದ್ದು ನಿಂತು ಕೈ ಒರೆಸಿಕೊಂಡು ಗ್ರೇಸ್ ಗಡಿಯಾರ ನೋಡಿದಳು. ಫ್ರೌ ರೇಡೆಲ್‌ಗೆ, ಅಂದರೆ ರೇಡೆಲ್ ಅಮ್ಮನಿಗೆ, ಇನ್ಸುಲಿನ್ ಕೊಡುವ ಹೊತ್ತು ಮೀರಿತ್ತು. ಕೆರೆಯ ಎದುರಿನ ಮನೆಯಲ್ಲಿ ಒಬ್ಬಳೇ ಇರುವ ಆ ಮುದುಕಿಗೆ ತೊಂಬತ್ತರ ಹತ್ತಿರ. ಗ್ರೇಸ್ ಕಾರಿನಿಂದ ಚೀಲ ತೆಗೆದುಕೊಂಡು ಆ ಮನೆಯೊಳಗೆ ಹೋದಳು.

"ಹೊರಗೆ ಏನು ಗಲಾಟೆ?" ಎಂದಳು ಮುದುಕಿ. "ನಿನ್ನ ಮಂಡಿಯೆಲ್ಲ ಹುಲ್ಲು."

"ರಾಮದಾಸ್ ತೀರಿಕೊಂಡರು. ಅಂಗಿ ಸ್ವಲ್ಪ ಮೇಲೆತ್ತಿ, ಫ್ರೌ ರೇಡೆಲ್."

ಮುದುಕಿ ಅಂಗಿ ಎತ್ತಿದಳು. ಸೂಜಿ ಚುಚ್ಚಿ, ಹತ್ತಿ ಒತ್ತಿ, ಬ್ರೆಡ್ ಕತ್ತರಿಸಿ ಮುಂದಿಟ್ಟು ಗ್ರೇಸ್ ಹೊರಬಂದಳು. ಈ ಸುದ್ದಿ ಊರಿಡೀ ಹರಡಿತು. ಕೆಲವರು ಗಟ್ಟಿ ಹೆಂಗಸು ಎಂದರು. ಕೆಲವರು ಅವಳ ಮುಖ ನೋಡುವುದನ್ನು ಬಿಟ್ಟರು.

ಬೂದಿಯ ಕರಂಡಕವನ್ನು ಚರ್ಚಿನ ಹಿಂದಿನ ಸ್ಮಶಾನದಲ್ಲಿ ಹೂಳಲಾಯಿತು. ಹಿಂದೂವಿಗೆ ಇಲ್ಲಿ ಜಾಗ ಉಂಟೋ ಎಂದು ಗ್ರೇಸ್ ಕೇಳುವ ಮೊದಲೇ ಯೆನ್ಸ್ ಮತ್ತು ದಳದವರು ಪಾದ್ರಿಯ ಹತ್ತಿರ ಮಾತಾಡಿ ಗುಂಡಿಯನ್ನೂ ತೋಡಿದ್ದರು. ಉಡುಪಿಯಿಂದ ರಾಮದಾಸ್‌ನ ತಂಗಿ ಹರಿಪ್ರಿಯಾ ಫೋನ್ ಮಾಡಿದಳು. ಮದುವೆಯ ನಂತರ ಆ ಮನೆಯಲ್ಲಿ ಅವರೊಡನೆ ಮಾತು ಬಿಡದವಳು ಅವಳೊಬ್ಬಳೇ.

"ಅತ್ತಿಗೆ, ಅಣ್ಣನ ಬೂದಿ ನಮ್ಮ ಸಮುದ್ರಕ್ಕೆ ಬಿಡ್ಬೇಕಿತ್ತು. ನೀವು ಒಂದು ಮಾತು ಹೇಳ್ಲಿಕ್ಕಾದ್ರೂ ಆಗ್ತಿತ್ತಲ್ಲ?"

"ಇಲ್ಲಿ ಅದೆಲ್ಲ ಕಷ್ಟ ಹರಿಪ್ರಿಯಾ."

"ಕಷ್ಟವಾ, ಅಲ್ಲ ನೀವು ಕೇಳಿಯೇ ಇಲ್ವಾ?"

ಗ್ರೇಸ್ ಕೇಳಿರಲಿಲ್ಲ. ಕೇಳಿದ್ದರೆ ಆಗುತ್ತಿತ್ತು. ಯಾರೋ ಕಾಗದ ಮುಂದಿಟ್ಟರು, ಅವಳು ಸಹಿ ಹಾಕಿದಳು, ಅಷ್ಟೇ. ಆಚೆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು. ಆಮೇಲೆ ಕ್ರಿಸ್‌ಮಸ್‌ವರೆಗೆ ಹರಿಪ್ರಿಯಾಳ ಫೋನು ಬರಲಿಲ್ಲ. ಬಂದಾಗಲೂ ಊಟ ಆಯ್ತಾ, ಚಳಿ ಉಂಟಾ ಎಂಬಲ್ಲಿಗೆ ಮುಗಿಯಿತು.

ಆ ದಿನಗಳಲ್ಲಿ ಗ್ರೇಸ್‌ಗೆ ದುಃಖ ಎಂಬುದೂ ಇರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ಅಡುಗೆ ಮಾಡುತ್ತಿದ್ದಳು, ರುಚಿ ಗೊತ್ತಾಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸಿ, ಯೋಚಿಸಿ ಏನು ಪ್ರಯೋಜನ ಎಂದು ಹಾಗೆಯೇ ಉಣ್ಣುತ್ತಿದ್ದಳು. ಕೆಲಸದಲ್ಲಿ ಮಾತ್ರ ಒಂದು ತಪ್ಪೂ ಆಗಲಿಲ್ಲ.

ಮಾರ್ಚಿನಲ್ಲಿ ಯೆನ್ಸ್ ಬಾಗಿಲು ತಟ್ಟಿದ. ರಾಮದಾಸ್‌ನ ಸಮವಸ್ತ್ರ ದಳದ ಆಸ್ತಿ, ಹಿಂದಕ್ಕೆ ಕೊಡಬೇಕಿತ್ತು. ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತ. ಗ್ರೇಸ್ ಒಳಗಿನಿಂದ ಒಗೆದು ಮಡಿಸಿದ ಜಾಕೆಟ್ ತಂದಳು.

"ಈಗ ಪಂಪು ಯಾರು ನೋಡಿಕೊಳ್ಳುತ್ತಾರೆ?"

"ಯಾರೂ ಇಲ್ಲ. ಸಿಕ್ಕವರು."

"ಹಾಗಾದರೆ ನಾನು ಬರುತ್ತೇನೆ."

ಯೆನ್ಸ್ ತಮಾಷೆ ಅಂದುಕೊಂಡ. ಅವಳ ಮುಖ ನೋಡಿ ಜಾಕೆಟ್ ಅಲ್ಲೇ ಬಿಟ್ಟುಹೋದ. ಗಂಡನ ನೆನಪಿಗಾಗಿ ಸೇರಿದಳೆಂದು ಊರವರು ಮಾತಾಡಿಕೊಂಡರು. ಯಾಕೆ ಹಾಗೆ ಹೇಳಿದೆನೆಂದು ಗ್ರೇಸ್‌ಗೇ ತಿಳಿದಿರಲಿಲ್ಲ. ಶನಿವಾರ ಸಂಜೆ ಎಲ್ಲಾದರೂ ಇರಬೇಕಲ್ಲ, ಅಷ್ಟೇ. ತೋಳು ಎರಡು ಮಡಿಕೆ ಮಡಚಿ ಜಾಕೆಟ್ ಹಾಕಿಕೊಂಡಳು.

ಆ ಜುಲೈಯಲ್ಲಿ ಮರುಭೂಮಿಗೆ ಬೆಂಕಿ ಬಿತ್ತು. ವಾರಗಟ್ಟಲೆ ಮಳೆ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಪೈನ್ ಮರಗಳ ಮೇಲೆ ಹೊಗೆ ಎದ್ದಿತು. ಗುಂಡುಗಳಿದ್ದ ನೆಲಕ್ಕೆ ಕಾಲಿಡುವಂತಿಲ್ಲ, ಅಂಚಿನಲ್ಲಿ ನಿಂತು ನೀರು ಚಿಮ್ಮಿಸುತ್ತ ಬೆಂಕಿ ಹತ್ತಿರ ಬರುವುದನ್ನೇ ಕಾಯಬೇಕು. ಮರಳಿನ ಕೆಳಗಿದ್ದ ಗುಂಡುಗಳು ಕಾದು ಒಂದೊಂದಾಗಿ ಸಿಡಿಯುತ್ತಿದ್ದವು. ಪ್ರತಿ ಸದ್ದಿಗೂ ದಳದ ಗಂಡಸರು ತಲೆ ತಗ್ಗಿಸುತ್ತಿದ್ದರು. ಗ್ರೇಸ್ ಪಂಪಿನ ಒತ್ತಡ ತೋರಿಸುವ ಮುಳ್ಳು ನೋಡುತ್ತ ನೆಟ್ಟಗೆ ನಿಂತಿದ್ದಳು. ಯೆನ್ಸ್ ಅದನ್ನು ಎರಡು ಸಲ ಗಮನಿಸಿದ.

ಗಾಳಿ ಊರ ಕಡೆಗೆ ತಿರುಗಿತು. ಎಲ್ಲರೂ ಹೊರಡಬೇಕೆಂದು ಪೊಲೀಸರು ಮೈಕಿನಲ್ಲಿ ಕೂಗುತ್ತ ಹೋದರು. ಜನ ನಾಯಿ, ಬೆಕ್ಕು, ಗಾದಿಗಳನ್ನು ಕಾರಿಗೆ ತುಂಬಿದರು. ಫ್ರೌ ರೇಡೆಲ್ ಮಾತ್ರ ಬರುವುದಿಲ್ಲವೆಂದು ಕೂತುಬಿಟ್ಟಿದ್ದಳು. ಪೊಲೀಸರು ಹೇಳಿ ಸೋತರು. ಯೆನ್ಸ್ ಗ್ರೇಸ್‌ಳನ್ನು ಕಳಿಸಿದ: "ನಿನ್ನ ಮಾತು ಕೇಳುತ್ತಾಳೆ. ಬೇಗ ಕರೆದುಕೊಂಡು ಬಾ."

ಮುದುಕಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಕಿಟಕಿಯ ಗಾಜು ಹಳದಿಯಾಗಿತ್ತು.

"ಹತ್ತು ವರ್ಷದವಳಿದ್ದಾಗ ಒಮ್ಮೆ ಎಲ್ಲ ಬಿಟ್ಟು ಓಡಿದ್ದೇನೆ," ಎಂದಳು, ತಲೆ ಎತ್ತದೆ. "ಯುದ್ಧದ ಕೊನೆಯ ಚಳಿಗಾಲ, ಹಿಮದಲ್ಲಿ, ಅಮ್ಮನ ಜೊತೆ. ಇನ್ನೊಮ್ಮೆ ಓಡುವುದಿಲ್ಲ. ನೀನು ಹೋಗು."

"ಆಯಿತು," ಎಂದು ಗ್ರೇಸ್ ಎದುರಿನ ಕುರ್ಚಿ ಎಳೆದು ಕೂತಳು. ಶಿರಸ್ತ್ರಾಣ ತೆಗೆದು ಮೇಜಿನ ಮೇಲಿಟ್ಟು, ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದುಕೊಂಡಳು. "ಇನ್ನೊಂದು ಚಾಕು ಎಲ್ಲಿದೆ?"

"ಹಠ ಹಿಡಿದು ನನ್ನನ್ನು ಎಬ್ಬಿಸಬಹುದು ಅಂದುಕೊಂಡೆಯಾ?"

"ಇಲ್ಲ. ಇಲ್ಲಿ ತಂಪಾಗಿದೆ."

ಹೊರಗೆ ಎಲ್ಲೋ ಒಂದು ದೊಡ್ಡ ಗುಂಡು ಸಿಡಿಯಿತು. ಕಪಾಟಿನ ಕಪ್ಪುಗಳು ಗಲಗಲ ಅಂದವು. ಮುದುಕಿಯ ಕೈಯಿಂದ ಚಾಕು ಜಾರಿತು. ಗ್ರೇಸ್‌ಳ ಕೈಯಲ್ಲಿ ಸಿಪ್ಪೆ ತುಂಡಾಗದೆ ಉದ್ದಕ್ಕೆ ಇಳಿಯುತ್ತಿತ್ತು. ಸೊಂಟದಲ್ಲಿದ್ದ ವೈರ್‌ಲೆಸ್‌ನಲ್ಲಿ ಯೆನ್ಸ್ ಅವಳ ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಉತ್ತರಿಸಲಿಲ್ಲ.

ಫ್ರೌ ರೇಡೆಲ್ ಅವಳನ್ನೇ ನೋಡಿದಳು.

"ನಿನಗೆ ಹೆದರಿಕೆ ಆಗುತ್ತಿಲ್ಲವಾ?"

"ಇಲ್ಲ."

"ಸ್ವಲ್ಪವೂ?"

ಗ್ರೇಸ್ ಯೋಚಿಸಿದಳು. "ಇಲ್ಲ ಫ್ರೌ ರೇಡೆಲ್. ನನಗೆ ಏನೂ ಆಗುತ್ತಿಲ್ಲ. ಒಂದು ವರ್ಷದಿಂದ ಹೀಗೆಯೇ."

ಮುದುಕಿ ಎರಡೂ ಕೈ ಮೇಜಿಗೂರಿ ಎದ್ದಳು. "ನನಗೆ ಹೆದರಿಕೆಯಾಗುತ್ತಿದೆ," ಎಂದಳು. "ಬೆಂಕಿಗಿಂತ ನಿನ್ನನ್ನು ನೋಡಿ. ಏಳು. ನನ್ನ ಕೋಟು ಬಾಗಿಲ ಹಿಂದಿದೆ. ಏಳು ಹುಡುಗಿ, ಆ ಆಲೂಗಡ್ಡೆ ಕೆಳಗಿಡು!"

ಕೋಲು ನೆಲಕ್ಕೆ ಕುಟ್ಟಿ, ಗ್ರೇಸ್‌ಳ ತೋಳು ಹಿಡಿದು ಎಳೆದುಕೊಂಡೇ ಹೊರಟಳು. ನೋಡಿದವರಿಗೆ ನರ್ಸ್ ಮುದುಕಿಯನ್ನು ಕರೆತಂದಳೆಂದೇ ಕಂಡಿತು. ಮರುದಿನ ಸ್ಥಳೀಯ ಪತ್ರಿಕೆಯೂ ಹಾಗೆಯೇ ಬರೆಯಿತು.

ಊರವರನ್ನೆಲ್ಲ ಪಟ್ಟಣದ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಇರಿಸಿದರು. ಗ್ರೇಸ್ ಮತ್ತು ಫ್ರೌ ರೇಡೆಲ್‌ಗೆ ಅಕ್ಕಪಕ್ಕದ ಮಂಚ. ಎರಡನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಮುದುಕಿ ತಾನಾಗಿಯೇ ಹೇಳಿದಳು: ಆ ಹಿಮದ ದಾರಿಯಲ್ಲಿ ಅವಳ ಪುಟ್ಟ ತಮ್ಮ ಸತ್ತಿದ್ದ. ರಸ್ತೆ ಬದಿಯಲ್ಲೇ ಇಟ್ಟು ಮುಂದೆ ನಡೆದರು.

"ಅಮ್ಮ ಅಳಲಿಲ್ಲ, ನಾನೂ ಅಳಲಿಲ್ಲ. ಎಷ್ಟೋ ವರ್ಷ ನನಗೂ ಏನೂ ಆಗುತ್ತಿರಲಿಲ್ಲ."

"ಆಮೇಲೆ?"

"ಆಮೇಲೆ ಮದುವೆಯಾಯಿತು. ಹಸು ಸಾಕಿದೆವು." ಮುದುಕಿ ಬಿಸ್ಕತ್ತನ್ನು ಕಾಫಿಗೆ ಅದ್ದಿದಳು. "ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸುಡುವ ಮನೆಯಲ್ಲಿ ಕೂರಬಾರದು. ಅಷ್ಟು ನನಗೆ ಗೊತ್ತು."

ಗ್ರೇಸ್ ತಲೆಯಾಡಿಸಿದಳು. ಆ ಸಂಜೆ ಶಾಲೆಯ ಅಂಗಳದಲ್ಲಿ ನಿಂತು ಉಡುಪಿಗೆ ತಾನಾಗಿಯೇ ಫೋನ್ ಮಾಡಿದಳು. ಬೆಂಕಿಯ ವಿಷಯ ಹೇಳಿದಳು. ಆಮೇಲೆ ಹೇಳಿದಳು: "ಬೂದಿ ಕೊಡಿ ಅಂತ ನಾನು ಕೇಳ್ಲಿಲ್ಲ ಹರಿಪ್ರಿಯಾ. ಕೇಳ್ಬೇಕು ಅಂತ ತಲೆಗೇ ಹೋಗ್ಲಿಲ್ಲ. ನಿಮ್ಮ ಮೇಲೆ ಕೋಪಕ್ಕೆ ಮಾಡಿದ್ದಲ್ಲ."

"ನೀವು ಊಟ ಮಾಡಿದ್ರಾ ಅತ್ತಿಗೆ?" ಎಂದಳು ಹರಿಪ್ರಿಯಾ, ಈ ಸಲ ಬೇರೆ ದನಿಯಲ್ಲಿ. "ನಾನೊಮ್ಮೆ ಬರ್ತೇನೆ. ನೀವು ಬೇಡ ಅಂದ್ರೂ ಬರ್ತೇನೆ."

ನಾಲ್ಕನೆಯ ದಿನ ಮಳೆ ಬಂತು. ಊರು ಉಳಿಯಿತು. ಒಂದು ಹುಲ್ಲಿನ ಕೊಟ್ಟಿಗೆ, ಸ್ಮಶಾನದ ಮೂಡಣ ಬೇಲಿ, ಅಲ್ಲಿದ್ದ ಬರ್ಚ್ ಮರಗಳು ಹೋದವು. ರಾಮದಾಸ್‌ನ ಕಲ್ಲಿನ ಮೇಲೆ ಬೆರಳಷ್ಟು ಮಸಿ ಕೂತಿತ್ತು. ಗ್ರೇಸ್ ಬಕೆಟ್ ತಂದು ತೊಳೆದಳು.

ಅಕ್ಟೋಬರಿನಲ್ಲಿ ಹರಿಪ್ರಿಯಾ ಬಂದಳು. ಸೂಟ್‌ಕೇಸಿನ ತುಂಬ ಒಣಮೆಣಸು, ಕುಚ್ಚಲಕ್ಕಿ, ಸೀಗಡಿ ಚಟ್ನಿ. ಮೊದಲ ದಿನವೇ ಸ್ಮಶಾನಕ್ಕೆ ಹೋಗಿ ಅಣ್ಣನ ಕಲ್ಲನ್ನು ತಬ್ಬಿ ಗಟ್ಟಿಯಾಗಿ ಅತ್ತಳು. ಆ ಸದ್ದಿಗೆ ಬೀದಿಯ ಎರಡು ಕಿಟಕಿಗಳು ತೆರೆದವು. ಗ್ರೇಸ್ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಉದ್ಯಾನದ ಕಡೆಯಿಂದ ಕ್ರೌಂಚಗಳ ಸಾಲು ಕೂಗುತ್ತ ಮರುಭೂಮಿಯ ಮೇಲೆ ಹಾದುಹೋಯಿತು. ಗ್ರೇಸ್‌ಗೆ ಆಗಲೂ ಅಳು ಬರಲಿಲ್ಲ. ಬರದಿದ್ದಕ್ಕೆ ಹರಿಪ್ರಿಯಾ ಏನೂ ಅನ್ನಲಿಲ್ಲ.

ಆಮೇಲೆ ಮನೆಗೆ ಬಂದು ಹರಿಪ್ರಿಯಾ ಸರೋವರದ ಮೀನಿನ ಸಾರು ಮಾಡಿದಳು. ಫ್ರೌ ರೇಡೆಲ್‌ಳನ್ನೂ ಕರೆದಿದ್ದರು. ಮುದುಕಿ ಒಂದು ಚಮಚ ಬಾಯಿಗಿಟ್ಟು, ಕೆಂಪಾಗಿ, ಕೆಮ್ಮಿ, ನೀರಿಗೆ ಕೈಚಾಚಿದಳು.

"ಅಯ್ಯೋ, ಖಾರ ಹೆಚ್ಚಾಯ್ತಾ ಅತ್ತಿಗೆ?" ಎಂದು ಹರಿಪ್ರಿಯಾ ಗಾಬರಿಯಾದಳು.

ಗ್ರೇಸ್ ತನ್ನ ತಟ್ಟೆಯಿಂದ ಒಂದು ತುತ್ತು ಉಂಡಳು. ನಿಧಾನಕ್ಕೆ ಅಗಿದಳು. "ಖಾರ ಸರಿ ಉಂಟು," ಎಂದಳು. "ಉಪ್ಪು ಸ್ವಲ್ಪ ಕಮ್ಮಿ." ಎದ್ದು ಉಪ್ಪಿನ ಡಬ್ಬಿ ತಂದು, ಮೂವರ ತಟ್ಟೆಗೂ ಹಾಕಿದಳು.